ಮಳೆ ಪುಸ್ತಕದ ಹಿಂಬದಿಯ ನಲವತ್ತೊಂದು ಸಿನಿಮಾ

ಪರಮೇಶಪ್ಪ ಸಿನಿಮಾಕ್ಕೆ ಹೋಗುತ್ತಿದ್ದದ್ದು, ಅವನೇ ಹೇಳುವ ಪ್ರಕಾರ, ಹೆಂಡತಿಗೆ ಲಾಂದ್ರ ಹಿಡಿಯುವುದಕ್ಕೆ. ಮಳೆಗಾಲ ಬಿಟ್ಟರೆ ಉಳಿದ ತಿಂಗಳೆಲ್ಲ ಗೋಣಿಕೊಪ್ಪಲಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ನಿಂತಿರುತ್ತಿತ್ತು. ತೋಟದಿಂದ ಅಲ್ಲಿಗೆ ಮೂರು ಮೈಲಿ. ಸುಲೋಚನಮ್ಮ ಒಬ್ಬಳೇ ಹೋಗುವ ಹಾಗಿಲ್ಲ. ಆದ್ದರಿಂದ ಅವನೂ ಹೋಗಿ, ಗಂಡಸರ ಬೆಂಚಿನ ತುದಿಯಲ್ಲಿ ಕೂತು, ಮೊದಲ ರೀಲಿನಿಂದ ಕೊನೆಯ ರೀಲಿನವರೆಗೂ ಹಳಸಿದ ಸಾರಿನ ಮುಚ್ಚಳ ತೆಗೆದವನ ಮುಖ ಮಾಡಿಕೊಂಡಿರುತ್ತಿದ್ದ.

ಅವನು ಶನಿವಾರಸಂತೆ ಕಡೆಯವನು. ದಕ್ಷಿಣ ಕೊಡಗಿನ ಆ ಕಾಫಿ ತೋಟದಲ್ಲಿ ಹತ್ತೊಂಬತ್ತು ವರ್ಷದಿಂದ ರೈಟರ್ ಆಗಿದ್ದ. ಹಾಜರಿ, ಗೊಬ್ಬರ, ಕಣದ ಉಸ್ತುವಾರಿ ಎಲ್ಲ ಅವನದೇ. ಆದರೆ ಅವನು ಹೆಮ್ಮೆಪಡುತ್ತಿದ್ದದ್ದು ಮಳೆ ಪುಸ್ತಕಕ್ಕೆ. ಆಫೀಸಿನ ಮುಂದಿನ ಹುಲ್ಲಿನಲ್ಲಿ ತಾಮ್ರದ ಡಬ್ಬವೊಂದಿತ್ತು. ಅದರಲ್ಲಿ ಕೂಡಿದ ನೀರನ್ನು ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಗಾಜಿನ ಅಳತೆಗೆ ಸುರಿದು, ಮಂಡಿಯೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಬರೆಯುತ್ತಿದ್ದ. ನಿನ್ನೆ ಸಂಜೆ ಸುರಿದ ಮಳೆಯಾದರೂ ಬರೆಯುವುದು ಇವತ್ತಿನ ತಾರೀಖಿಗೆ. ಅಳೆದ ದಿನವೇ ಲೆಕ್ಕದ ದಿನ. ಹಿಂದಿದ್ದ ಬಿಳಿ ದೊರೆ ಕಲಿಸಿಹೋದ ಈ ನಿಯಮವನ್ನು ಅವನು ಜ್ವರ ಬಂದಾಗಲೂ ಮುರಿದಿರಲಿಲ್ಲ.

ಐವತ್ಮೂರರ ಡಿಸೆಂಬರಿನಲ್ಲಿ ಒಂದು ಸಂಜೆ ಸಿನಿಮಾ ಮುಗಿಸಿ ಬರುವಾಗ ಗಂಡಹೆಂಡಿರಿಗೆ ಮಾತು ಬೆಳೆಯಿತು.

"ಎಲ್ಲಾ ಒಂದೇ ಕಥೆ ಕಣೇ," ಎಂದ ಪರಮೇಶಪ್ಪ. "ಒಬ್ಬಳು ಅಳ್ತಾಳೆ, ಒಬ್ಬ ಕುಡೀತಾನೆ, ಕಾಗದ ಒಂದು ಕಳೆದುಹೋಗುತ್ತೆ. ಕೊನೇಗೆ ಸಿಕ್ಕುತ್ತೆ."

"ನಿಮಗೆ ದಿನಾ ಹಾಕೋ ಹುಳಿನೂ ಒಂದೇ ಅಂತೀರಿ."

"ಒಂದೇ ತಾನೇ?"

"ಹಾಗಾದ್ರೆ ಬರೆದು ತೋರಿಸಿ. ಮಳೆ ಬರೀತೀರಲ್ಲ, ಹಾಗೇ ಒಂದು ವರ್ಷ ಸಿನಿಮಾ ಬರೀರಿ. ಎಲ್ಲಾ ಒಂದೇ ಅಂತ ಆದ್ರೆ ನಾನು ಮತ್ತೆ ಡೇರೆ ಕಡೆ ತಲೆ ಹಾಕಲ್ಲ."

ಇಂಥ ಸುಲಭದ ಪಂದ್ಯವನ್ನು ಬಿಡುವವನಲ್ಲ ಪರಮೇಶಪ್ಪ. ಜನವರಿ ಒಂದಕ್ಕೆ ಹೊಸ ಮಳೆ ಪುಸ್ತಕವನ್ನು ತಿರುವಿಹಾಕಿ, ಹಿಂಬದಿಯಿಂದ ಗೆರೆ ಎಳೆದ. ತಾರೀಖು, ಕ್ರಮಸಂಖ್ಯೆ, ಭಾಷೆ, ಹಾಡು, ರೀಲು ಹರಿದದ್ದು ಎಷ್ಟು ಸಲ, ಅಳು ಎಷ್ಟು ನಿಮಿಷ, ಷರಾ. ಚಿತ್ರದ ಹೆಸರಿಗೆ ಅಂಕಣ ಬಿಡಲಿಲ್ಲ. ಹೆಸರಿಟ್ಟು ಕರೆಯುವಷ್ಟು ಯೋಗ್ಯತೆ ಅವಕ್ಕಿಲ್ಲ ಎಂಬುದು ಅವನ ನಿರ್ಧಾರ. ಗೊಬ್ಬರದ ಚೀಲಕ್ಕೆ ಹಾಕುವ ಹಾಗೆ ನಂಬರು ಹಾಕಿದರೆ ಸಾಕು. ಸಂಜೆ ನೋಡಿದ ಸಿನಿಮಾವನ್ನು ಮಾರನೆಯ ಬೆಳಿಗ್ಗೆ ಎಂಟಕ್ಕೆ, ಡಬ್ಬದ ನೀರು ಅಳೆದಾದ ಮೇಲೆ, ಅದೇ ಪೆನ್ನಿನಲ್ಲಿ, ಆ ಬೆಳಗಿನ ತಾರೀಖಿಗೇ ಬರೆಯುತ್ತಿದ್ದ. ಬೇರೆ ರೀತಿಯೂ ಉಂಟೆಂದು ಅವನಿಗೆ ಹೊಳೆಯಲೇ ಇಲ್ಲ.

ನಂಬರ್ ಮೂರಕ್ಕೆ ಬರೆದ ಷರಾ: "ಹಾಡು ಹದಿಮೂರು. ಎಂಟು ಅನವಶ್ಯಕ, ಉಳಿದವು ಅಸಹ್ಯ." ನಂಬರ್ ಒಂಬತ್ತಕ್ಕೆ: "ನಾಯಕಿಗೆ ಕ್ಷಯ. ಆದರೂ ಮಹಡಿ ಮೆಟ್ಟಿಲ ಮೇಲೆ ಓಡಿಕೊಂಡು ಹಾಡುತ್ತಾಳೆ." ನಂಬರ್ ಇಪ್ಪತ್ತೆರಡು ಹಿಂದಿಯದು, ಅವನಿಗೆ ಒಂದು ಮಾತೂ ತಿಳಿಯದು: "ಅರ್ಥವಾಗಲಿಲ್ಲ. ನಷ್ಟವೂ ಆಗಲಿಲ್ಲ." ನಂಬರ್ ಇಪ್ಪತ್ತೇಳರಲ್ಲಿ ನಾಲ್ಕು ಸಲ ರೀಲು ಹರಿಯಿತು: "ಹರಿದ ಹೊತ್ತೇ ಉತ್ತಮ ಭಾಗ." ಪ್ರೇಕ್ಷಕರನ್ನೂ ಬಿಡಲಿಲ್ಲ. ನೆಲದಲ್ಲಿ ಕೂತವರು ಮೂಗು ಸೀಟಿದ್ದು, ಕುರ್ಚಿ ಕ್ಲಾಸಿನ ಸಾಹುಕಾರರು ಗೊರಕೆ ಹೊಡೆದದ್ದು, ಎಲ್ಲಕ್ಕೂ ಷರಾದಲ್ಲಿ ಜಾಗವಿತ್ತು.

ಜೂನ್ ಬಂದು ಡೇರೆ ಕಿತ್ತರು. ಐದು ತಿಂಗಳು ಪುಸ್ತಕದ ಮುಂಬದಿ ತುಂಬುತ್ತಾ ಹೋಯಿತು, ಹಿಂಬದಿ ಒಣಗಿತ್ತು. ಹಿಂಬದಿ ಒಣಗಿರುವುದೇ ದೇಶಕ್ಕೆ ಕ್ಷೇಮ ಎಂದು ಅವನು ಹೆಂಡತಿಗೆ ಹೇಳಿದ. ನವೆಂಬರಿನಲ್ಲಿ ಡೇರೆ ಮತ್ತೆ ನಿಂತಿತು. ಡಿಸೆಂಬರ್ ಹೊತ್ತಿಗೆ ನಲವತ್ತಾಗಿತ್ತು. ನಲವತ್ತೂ ಒಂದೇ ಕಥೆ. ಪಂದ್ಯ ಮುಗಿದ ಹಾಗೇ ಇತ್ತು.

ಡಿಸೆಂಬರ್ ಹತ್ತು, ಶುಕ್ರವಾರ, ನಲವತ್ತೊಂದನೆಯದು. ತಮಿಳು. ಮುದಿ ದೋಣಿಯವನೊಬ್ಬನ ಊರಿಗೆ ಸೇತುವೆ ಬರುತ್ತದೆ. ಅವನ ದೋಣಿ ದಡದಲ್ಲಿ ಬಿರುಕು ಬಿಡುತ್ತದೆ. ಸೇತುವೆ ತೆರೆದ ದಿನ ಅವನು ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಜನರ ನಡುವೆ ಆಚೆ ದಡಕ್ಕೆ ನಡೆದುಹೋಗುತ್ತಾನೆ. ಅಷ್ಟೇ. ಕಾಗದ ಕಳೆಯಲಿಲ್ಲ, ಯಾರೂ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಬರೆಯಲು ಕೂತ ಪರಮೇಶಪ್ಪನಿಗೆ ಹಾಡು ಎಂಟೋ ಒಂಬತ್ತೋ ಎಂಬುದು ತಪ್ಪಿಹೋಗಿತ್ತು. ವರ್ಷದಲ್ಲಿ ಇದೇ ಮೊದಲು. ಅವನಿಗೆ ದೋಣಿಯವನ ಮೇಲೆ ಸಿಟ್ಟು ಬಂತು. ಎಂದಿಗಿಂತ ಉದ್ದದ ಷರಾ ಬರೆದ. ಅದು ಆ ಪುಟದ ಕೊನೆಯ ಸಾಲಾಯಿತು.

ಆ ಶನಿವಾರ ಬೆಳಿಗ್ಗೆಯೇ ಸುಲೋಚನಮ್ಮ ತಂಗಿಯ ಮಗುವಿನ ನಾಮಕರಣಕ್ಕೆಂದು ಶನಿವಾರಸಂತೆ ಬಸ್ಸು ಹತ್ತಿದಳು. ಸಂಜೆ ಅವನು ಲಾಂದ್ರ ಹಿಡಿಯಬೇಕಾದವರು ಯಾರೂ ಇರಲಿಲ್ಲ. ಆದರೂ ಪರಮೇಶಪ್ಪ ನಾಲ್ಕು ಗಂಟೆಗೇ ಆಳುಗಳನ್ನು ಬಿಟ್ಟುಬಿಟ್ಟ. ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ದಿನಾ ಸಂಜೆ ಐದು ರಾಶಿಗಳಾಗಿ ಮಾಡಿ ಟಾರ್ಪಾಲು ಮುಚ್ಚುವುದು ನಾಲ್ಕು ಜನರ ಕೆಲಸ. ಉಳಿದವನು ಕಣದ ಕಾವಲಿನ ಜವರಯ್ಯ ಒಬ್ಬನೇ.

"ಆಕಾಶ ತೊಳೆದಿಟ್ಟ ಹಾಗಿದೆ. ನಿಧಾನಕ್ಕೆ ರಾಶಿ ಮಾಡಿ ಮುಚ್ಚು. ನಾನು ಪೇಟೆಗೆ ಹೋಗಿಬರ್ತೀನಿ."

"ಪೇಟೇಲಿ ಏನ್ ಬುದ್ದಿ ಇಷ್ಟೊತ್ನಲ್ಲಿ?"

"ಒಂದು ಲೆಕ್ಕ ತಾಳೆ ನೋಡ್ಬೇಕು."

"ಆ ದೋಣಿ ಲೆಕ್ಕವಾ?" ಜವರಯ್ಯ ಹಲ್ಲು ಬಿಟ್ಟ. ಹಿಂದಿನ ದಿನ ಅವನೂ ನೆಲದಲ್ಲಿ ಕೂತು ನೋಡಿದ್ದ.

"ಬಾಯಿ ಮುಚ್ಚು. ಯಾರಿಗೂ ಹೇಳ್ಬೇಡ."

"ನಾ ಯಾಕ್ ಯೋಳ್ಲಿ ಬುದ್ದಿ."

ಏಳು ಗಂಟೆಗೆ, ಡಿಸೆಂಬರಿನಲ್ಲಿ ಯಾರೂ ನಿರೀಕ್ಷಿಸದ ಮಳೆ ಡೇರೆಯ ಬಟ್ಟೆಯ ಮೇಲೆ ಒನಕೆ ಬಡಿದ ಹಾಗೆ ಬಿತ್ತು. ಹತ್ತೊಂಬತ್ತು ವರ್ಷ ಮೊದಲ ಹನಿಗೇ ಎದ್ದು ಕಣಕ್ಕೆ ಓಡಿದ್ದ ಮನುಷ್ಯ ಆ ದಿನ ಏಳಲಿಲ್ಲ. ಪರದೆಯ ಮೇಲೆ ಮುದುಕ ಇನ್ನೂ ಸೇತುವೆ ಹತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಳೆದಾಗ ಒಂದು ಇಂಚು ಹನ್ನೆರಡು ಸೆಂಟು. ಪುಸ್ತಕದ ಮುಂಬದಿಯಲ್ಲಿ ಅದನ್ನು ಬರೆದು, ತಿರುವಿ, ಹಿಂಬದಿಯಲ್ಲಿ ಹೊಸ ಪುಟದ ಮೊದಲ ಸಾಲನ್ನು ಬರೆದ. ಕಣದಲ್ಲಿ ಮುಚ್ಚಿದ ಮೂರು ರಾಶಿ ಒಣಗಿಯೇ ಇದ್ದವು, ಮುಚ್ಚದ ಎರಡು ನೆಂದು ಉಬ್ಬಿದ್ದವು.

ಶನಿವಾರ ಮಡಿಕೇರಿಗೆ ಹೋಗಿದ್ದ ಮ್ಯಾನೇಜರ್ ಉತ್ತಯ್ಯ ಸೋಮವಾರ ಬಂದರು. ಜುಲೈನಲ್ಲಷ್ಟೇ ತೋಟಕ್ಕೆ ಸೇರಿದವರು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ. ಜವರಯ್ಯನನ್ನು ಆಫೀಸಿನ ಮುಂದೆ ನಿಲ್ಲಿಸಿದರು.

"ಮೂರು ಮುಚ್ಚಿ ಎರಡು ಬಿಟ್ಟು ಸಿನಿಮಾಕ್ಕೆ ಓಡಿದ್ದೀಯ, ಅಲ್ಲವಾ?"

"ಇಲ್ಲ ಬುದ್ದಿ, ಕಣ ಬುಟ್ಟು ಎಲ್ಲೂ ಓಗಿಲ್ಲ. ಒಬ್ಬನ ಕೈಲಿ ಅಷ್ಟೇ ಆಗಿದ್ದು."

"ಕೂಲಿ ಲೈನಿನವರೆಲ್ಲ ಡೇರೆಯಲ್ಲಿದ್ದರಂತೆ. ನೀನೊಬ್ಬ ಸತ್ಯಹರಿಶ್ಚಂದ್ರ! ರೈಟ್ರೇ, ಮಳೆ ಪುಸ್ತಕ ತನ್ನಿ. ಎಷ್ಟು ಬಿತ್ತು ನೋಡುವ."

ಪರಮೇಶಪ್ಪ ತಂದುಕೊಟ್ಟ.

"ಮಳೆ ಬಂದದ್ದು ಶನಿವಾರ. ನೀವು ಭಾನುವಾರಕ್ಕೆ ಬರೆದಿದ್ದೀರಿ?"

"ಬೆಳಿಗ್ಗೆ ಎಂಟಕ್ಕೆ ಅಳೆಯೋದು ಸಾರ್. ಹಿಂದಿನ ಸಂಜೆ ಬಿದ್ದದ್ದೂ ಅಳೆದ ತಾರೀಖಿಗೇ ಬರುತ್ತೆ."

"ಸರಿ." ಉತ್ತಯ್ಯ ಪುಸ್ತಕ ಮುಚ್ಚುವಾಗ ಹಿಂಬದಿಯ ಗೆರೆಗಳು ಕಣ್ಣಿಗೆ ಬಿದ್ದವು. ತಿರುವಿದರು. ಎರಡು ನಿಮಿಷ ಓದಿದರು. ಆಮೇಲೆ ಪುಟದ ಕೊನೆಯ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು:

"ತಾರೀಖು ಹನ್ನೊಂದು. ಕ್ರಮಸಂಖ್ಯೆ ನಲವತ್ತೊಂದು. ಸೇತುವೆ ಆಯಿತೆಂದು ಎರಡೂವರೆ ಗಂಟೆ ಗೋಳು. ಮುದುಕನಿಗೆ ಸುಂಕ ವಸೂಲಿಯ ಕೆಲಸ ಕೊಟ್ಟಿದ್ದರೆ ಎರಡನೇ ರೀಲಿನಲ್ಲೇ ಮುಗಿಯುತ್ತಿತ್ತು. ನೆಲದಲ್ಲಿ ನಮ್ಮ ಜವರಯ್ಯ ಬಾಯಿ ತೆರೆದುಕೊಂಡು, ಒಳಗೆ ನೊಣ ಹೋದದ್ದೂ ತಿಳಿಯದೆ ಕೂತಿದ್ದ." ಅವರು ತಲೆ ಎತ್ತಿದರು. "ಹನ್ನೊಂದು ಅಂದರೆ ಶನಿವಾರ. ಇನ್ನೇನು ಬೇಕು? ಬಾಯಿ ಸುಳ್ಳಾಡುತ್ತೆ, ಬರಹ ಆಡುವುದಿಲ್ಲ. ನಾಳೆ ಸಂಜೆಯೊಳಗೆ ಲೈನಿನ ಮನೆ ಖಾಲಿಯಾಗಬೇಕು."

ಜವರಯ್ಯ ಪರಮೇಶಪ್ಪನ ಕಡೆ ನೋಡಿದ. ರೈಟ್ರೇ ಪೇಟೆಗೆ ಹೋಗಿದ್ದರು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದದ್ದನ್ನು ಅವನು ಹಾಗೇ ನಡೆಸಿದ.

ಪರಮೇಶಪ್ಪನೂ ಬಾಯಿ ಬಿಡಲಿಲ್ಲ. ನಿಯಮ ಎರಡು ಬದಿಗೂ ಒಂದೇ, ಹನ್ನೊಂದಕ್ಕೆ ಬರೆದದ್ದು ಶುಕ್ರವಾರದ ಸಿನಿಮಾ ಎಂದು ಹೇಳಬಹುದಿತ್ತು. ಹೇಳಿದರೆ ಉತ್ತಯ್ಯ ಮುಂದಿನ ಪುಟ ತಿರುವುತ್ತಾರೆ. ಆ ಪುಟದಲ್ಲಿ ಒಂದೇ ಸಾಲಿತ್ತು.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಆಳುಗಳ ಮನೆಸಾಲಾದ ಲೈನಿನ ಮುಂದೆಯೇ ಹಾಯಬೇಕು. ಜವರಯ್ಯನ ಹೆಂಡತಿ ಸಿದ್ದಮ್ಮ ಮಡಕೆಗಳನ್ನು ಹಳೇ ಸೀರೆಯಲ್ಲಿ ಕಟ್ಟುತ್ತಿದ್ದಳು. ಗಂಟು ಬಿಗಿಯುತ್ತಲೇ, ತಲೆ ಎತ್ತದೆ ಅಂದಳು:

"ನನ್ ಗಂಡ ಬಾಯ್ ಬುಟ್ಕಂಡು ಸಿನಿಮಾ ನೋಡ್ದ, ದಿಟ. ನೀವು ಬಾಯ್ ಮುಚ್ಕಂಡ್ ನೋಡಿದ್ರಿ. ಈಗ್ಲೂ ಮುಚ್ಕಂಡೇ ಇದ್ದೀರಿ."

ಪರಮೇಶಪ್ಪ ಮನೆಯವರೆಗೆ ಹೋದ. ಒಲೆ ಹಚ್ಚಲಿಲ್ಲ. ವರ್ಷವಿಡೀ ಬರೆದ ಷರಾಗಳಲ್ಲಿ ಅವನು ಯಾರ ಯಾರನ್ನು ತುಚ್ಛವಾಗಿ ಕಂಡಿದ್ದನೋ ಅವರೆಲ್ಲರಿಗಿಂತ ಕೆಳಗೆ ಈಗ ಒಬ್ಬ ಇದ್ದಾನೆ ಎಂದು ಅವನಿಗೆ ಅನಿಸಿತು. ಅದೂ ಪುಸ್ತಕದ ಹಿಂಬದಿಯ ನಿಯಮವನ್ನು ಬಲ್ಲ ಒಬ್ಬನೇ ಮನುಷ್ಯ, ತಾನೇ. ಬಂದ ದಾರಿಯಲ್ಲೇ ಹಿಂತಿರುಗಿದ. ದಾರಿಯಲ್ಲಿ ಜವರಯ್ಯನನ್ನೂ ಕರೆದುಕೊಂಡ. ಹಿಂದೆ ಸಿದ್ದಮ್ಮ ಬಂದಳು. ಅವಳ ಹಿಂದೆ ಕಾಫಿ ಹಣ್ಣಿನ ಪಿಕಿಂಗ್ ಬಿಟ್ಟು ಬಂದ ನಾಲ್ಕಾರು ಹೆಂಗಸರು.

"ಸಾರ್, ಹಿಂಬದಿಗೂ ಅದೇ ನಿಯಮ," ಎಂದ ಬಾಗಿಲಲ್ಲೇ ನಿಂತು. "ಸಂಜೆ ನೋಡಿದ್ದನ್ನ ಮಾರನೇ ಬೆಳಿಗ್ಗೆ ಎಂಟಕ್ಕೆ ಬರೆಯೋದು, ಆ ಬೆಳಗಿನ ತಾರೀಖಿಗೆ. ಹನ್ನೊಂದಕ್ಕೆ ಇರೋದು ಶುಕ್ರವಾರದ ಸಿನಿಮಾ. ಶುಕ್ರವಾರ ಸಂಜೆ ರಾಶಿ ಮುಚ್ಚಿದ ಮೇಲೆ ಜವರಯ್ಯನಿಗೆ ಕೆಲಸ ಇರಲಿಲ್ಲ."

"ಸಿನಿಮಾಕ್ಕೆ ಮಳೆಯ ನಿಯಮ ಯಾರು ಹಾಕ್ತಾರೆ ರೈಟ್ರೇ?"

"ನಾನು ಹಾಕ್ತೀನಿ ಸಾರ್. ಜನವರಿಯ ಮೊದಲನೇ ಸಾಲಿನಿಂದಲೂ ಹಾಗೇ. ಶನಿವಾರದ್ದು ಮುಂದಿನ ಪುಟದಲ್ಲಿದೆ. ಹನ್ನೆರಡಕ್ಕೆ."

ಉತ್ತಯ್ಯ ಪುಟ ತಿರುವಿದರು. ಓದಿ, ಮತ್ತೊಮ್ಮೆ ಓದಿ, ಬಾಗಿಲಾಚೆ ನಿಂತವರಿಗೂ ಕೇಳುವ ಹಾಗೆ ಓದಿದರು.

"ತಾರೀಖು ಹನ್ನೆರಡು. ಕ್ರಮಸಂಖ್ಯೆ ನಲವತ್ತೊಂದು, ಎರಡನೇ ಸಲ. ಹಾಡು, ಎಣಿಸಲಿಲ್ಲ. ಅಳು, ಎಣಿಸಲಿಲ್ಲ. ಷರಾ, ಚೆನ್ನಾಗಿದೆ."

ಯಾರೋ ಹೆಂಗಸು ಸೆರಗು ಕಚ್ಚಿಕೊಂಡು ನಕ್ಕಳು.

"ನಾಲ್ಕು ಗಂಟೆಗೆ ಆಳು ಬಿಟ್ಟದ್ದೂ ನೀವೇ?"

"ನಾನೇ ಸಾರ್. ಎರಡು ರಾಶಿ ನೆಂದದ್ದು ನನ್ನಿಂದ."

ಉತ್ತಯ್ಯ ಪುಸ್ತಕವನ್ನು ಮೇಜಿನ ಮೇಲೆ ಸರಿಸಿದರು. "ಈ ಸಲ ನೊಣ ಯಾರ ಬಾಯಿಗೆ ಹೋಯ್ತು ರೈಟ್ರೇ?"

ಅಂಥ ಮಾತನ್ನು ಕಟ್ಟುವುದು ಪರಮೇಶಪ್ಪನಿಗೇ ಬಿಟ್ಟ ಕಸುಬು. ಈಗ ಅದು ತಿರುಗಿ ಬಂದಿತ್ತು.

ಜವರಯ್ಯನ ಮಡಕೆಗಳು ಗಂಟು ಬಿಚ್ಚಿಕೊಂಡು ಒಲೆ ಏರಿದವು. ಪರಮೇಶಪ್ಪನಿಗೆ, ಕಾಫಿ ಕಾಲ ಮುಗಿಯುವವರೆಗೆ ಪ್ರತಿ ಸಂಜೆ ಕಣದಲ್ಲಿ ನಿಂತು, ತನ್ನ ಕೈಯನ್ನೂ ಹಾಕಿ ಐದೂ ರಾಶಿ ಮುಚ್ಚಿಸಬೇಕೆಂದು ಆಜ್ಞೆಯಾಯಿತು. ಲೈನಿನವರು ಅವನಿಗೆ 'ಚೆನ್ನಾಗಿದೆ ರೈಟ್ರು' ಎಂದು ಹೆಸರಿಟ್ಟರು. ನಂಬರಿಗಿಂತ ಅದೇ ವಾಸಿ.

ಮುಂದಿನ ಶನಿವಾರ ಟಾರ್ಪಾಲಿನ ಒಂದು ಅಂಚು ಜವರಯ್ಯನ ಕೈಯಲ್ಲಿ, ಇನ್ನೊಂದು ಪರಮೇಶಪ್ಪನ ಕೈಯಲ್ಲಿ.

"ಒಂಬತ್ತು ಬುದ್ದಿ," ಎಂದ ಜವರಯ್ಯ.

"ಏನು ಒಂಬತ್ತು?"

"ಆ ದೋಣಿ ಸಿನಿಮಾದ ಆಡು. ನಾ ಎಣಿಸಿದೀನಿ. ಕೊನೇಲಿ ಮುದ್ಕ ಸೇತ್ವೆ ಮ್ಯಾಲೆ ಓಗ್ತಾ ಬರೀ ಗುನುಗ್ತಾನಲ್ಲ, ಅದ ನೀವು ಬುಟ್ಟಿರ್ತೀರಿ."

"ಮಾತಿಲ್ಲದ್ದು ಹಾಡಲ್ಲ ಕಣೋ."

"ಸೋನೆ ಬಂದ್ರೂವೆ ಡಬ್ಬದಾಗೆ ಒಂದೆಲ್ಡ್ ಸೆಂಟು ನಿಲ್ತದೆ. ಅದು ಮಳೆ ಅಲ್ಲ ಅಂತ ಚೆಲ್ಬುಡ್ತೀರಾ?"

ಪರಮೇಶಪ್ಪ ಟಾರ್ಪಾಲಿನ ಮೂಲೆಗೆ ಕಲ್ಲು ಇಟ್ಟ. ಇಟ್ಟ ಕಲ್ಲನ್ನು ಮತ್ತೊಮ್ಮೆ ಸರಿಮಾಡಿದ.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಅವನು ಪುಸ್ತಕವನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಊರಿಂದ ಬಂದ ದಿನವೇ ಎಲ್ಲ ಕೇಳಿಸಿಕೊಂಡಿದ್ದ ಸುಲೋಚನಮ್ಮ ಕೊನೆಯ ಸಾಲನ್ನು ಓದಿದಳು: "ಒಟ್ಟು ಚಿತ್ರ ನಲವತ್ತೊಂದು. ಒಂದೇ ಕಥೆ ನಲವತ್ತು."

"ಅಂದ್ರೆ ನಾನು ಗೆದ್ದೆ."

"ಒಂದರಿಂದ."

"ಒಂದು ಸಾಕು ಬಿಡಿ. ಈ ವಾರ ಹೊಸಾದು ಬಂದಿದೆಯಂತೆ. ಇಬ್ಬರು ಅಣ್ಣತಮ್ಮ, ಒಂದು ಕಾಗದ."

"ಕಳೆದುಹೋಗುತ್ತೆ," ಎಂದ ಪರಮೇಶಪ್ಪ, ಹಳಸಿದ ಸಾರಿನ ಮುಖ ಮಾಡಿ. "ಸಿದ್ದಮ್ಮನ್ನ ಕರ್ಕೊಂಡು ಹೋಗು. ನನಗೆ ಕಣ ಇದೆ."

ಅವಳು ಪುಟ ಹಿಂದಕ್ಕೆ ತಿರುವಿದಳು. ಹನ್ನೆರಡನೇ ತಾರೀಖಿನ ಸಾಲಿನಲ್ಲಿ 'ಎಣಿಸಲಿಲ್ಲ' ಎಂಬುದನ್ನು ಅವನು ಹೊಡೆದುಹಾಕಿರಲಿಲ್ಲ. ಬರೆದದ್ದನ್ನು ಹೊಡೆದುಹಾಕುವ ಪದ್ಧತಿ ಮಳೆ ಪುಸ್ತಕದಲ್ಲಿ ಇಲ್ಲ. ಅದರ ಪಕ್ಕದಲ್ಲಿ, ಅಂಕಣದ ಗೆರೆಯೊಳಗೇ ಹಿಡಿಸುವ ಹಾಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದ: "ಒಂಬತ್ತು. ಎಣಿಸಿದವರು: ಜವರಯ್ಯ."