ಕತ್ತಲೆ ಕೋಣೆಯ ಕ್ಲಿಪ್ಪು

ಸಾಮಾನ್ಯಕ್ಕೆ ಹೆದರುವವಳಲ್ಲ ನಾನು. ಮದ್ದೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಮದುವೆಗಳಲ್ಲಿ ಕ್ಯಾಮೆರಾ ಹಿಡಿಯುತ್ತಾನೆ, ನಾನು ಕೂತು ವಿಡಿಯೋ ಎಡಿಟ್ ಮಾಡುತ್ತೇನೆ. ಬೀಗರ ಕಡೆಯವರು ಬಂದು ನಮ್ಮ ಮುಖ ಕಮ್ಮಿ ಬಂದಿದೆ ಎಂದು ಜಗಳ ತೆಗೆದರೂ ಸರಿಯಾಗಿ ಉತ್ತರ ಕೊಟ್ಟೇ ಕಳಿಸುತ್ತೇನೆ. ಆದರೆ ಆ ಬೆಳಿಗ್ಗೆ ಬಂದವರು ಜಗಳಕ್ಕೆ ಬಂದಿರಲಿಲ್ಲ.

ಅವರು ಚಿಕ್ಕರಸಿನಕೆರೆಯವರು, ನಾವು ವಿಡಿಯೋ ತೆಗೆದಿದ್ದ ಒಂದು ಮದುವೆಯ ಹೆಣ್ಣಿನ ಅಪ್ಪ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸ್ಟೂಲಿನ ತುದಿಯಲ್ಲಿ ಕೂತರು. "ನಮ್ಮವ್ವುನ್ನ ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರ್ಕಬಂದೋ ಕಣವ್ವ. ಇವತ್ತೋ ನಾಳಿಕೋ ಅಂದವ್ರೆ. ಮೊಮ್ಮಗಳ ಮದ್ವೆ ತೋರ್ಸ್ಲಾ, ತೋರ್ಸ್ಲಾ ಅಂತ ಒಂದೇ ಸಮ ಕೇಳ್ತಾವ್ಳೆ. ಎಂಗಾರ ಮಾಡಿ ಇವತ್ತು ಕೊಟ್ಬುಡು," ಅಂದರು.

ಆ ಹುಡುಗಿಯನ್ನು ಸಾಕಿದ್ದೇ ಅಜ್ಜಿ. ಮದುವೆ ದಿನ ಎದ್ದು ಛತ್ರಕ್ಕೆ ಬರುವ ತ್ರಾಣ ಅಜ್ಜಿಗೆ ಇರಲಿಲ್ಲ. ಹೊರಡುವ ಮುಂಚೆ ಹುಡುಗಿಯೇ ಅಜ್ಜಿಯ ಕೋಣೆಗೆ ಹೋಗಿ ಕಾಲು ಮುಟ್ಟಿದಳು. ಅಜ್ಜಿ ಮಲಗಿದ್ದ ಕಡೆಯಿಂದಲೇ ಅಕ್ಷತೆ ಹಾಕಿ ಅವಳ ತಲೆ ಸವರಿದರು. ನನ್ನ ಗಂಡ ಅದನ್ನು ಹಿಡಿದಿದ್ದ, ನಾನು ವಿಡಿಯೋದ ಕೊನೆಗೆ ಇಟ್ಟಿದ್ದೆ. ಆದರೆ ಕೋಣೆಯಲ್ಲಿ ಬೆಳಕಿಲ್ಲ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ಆ ಚುಕ್ಕಿ ತೆಗೆದು ಮುಖ ಕಾಣಿಸುವುದಿದೆಯಲ್ಲ, ಅದು ಕಂಪ್ಯೂಟರಿಗೆ ಬಲು ಭಾರದ ಕೆಲಸ. ಎಡಿಟ್ ಎಲ್ಲ ಮುಗಿದಿತ್ತು. ಕ್ಯಾಮೆರಾದ ಫೈಲು ಅವರ ಫೋನಿನಲ್ಲಿ ಓಡುವುದಿಲ್ಲವಾದ್ದರಿಂದ, ಫೋನಿಗೆ ಒಗ್ಗುವ ಒಂದು ಫೈಲು ಮಾಡಿ ಕೊಡಬೇಕಿತ್ತು. ಅದೊಂದೇ ಆಗುತ್ತಿರಲಿಲ್ಲ.

ಕೆಲವು ವಾರಗಳಿಂದ ಮಷೀನು ಹಾಗೇ ಆಡುತ್ತಿತ್ತು. ಸಣ್ಣಪುಟ್ಟ ಕೆಲಸಕ್ಕೆ ಚುರುಕಾಗೇ ಇತ್ತು. ದೊಡ್ಡದು ಹಚ್ಚಿದರೆ ಮೊದಲು ಓಡಿ, ಆಮೇಲೆ ಕುಂಟಿ, ಕೊನೆಗೆ ಕೂತೇಬಿಡುತ್ತಿತ್ತು. ವೈರಸ್ ಹುಡುಕಿಸಿದೆ, ಸಿಗಲಿಲ್ಲ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ. ಅತ್ತೆಯೂ ತಮ್ಮ ಪಾಡಿಗೆ ಒಂದು ಉಪಾಯ ಮಾಡುತ್ತಿದ್ದರು. ಮಂಗಳವಾರ ಶುಕ್ರವಾರ ಸಂಜೆ ದೇವರಿಗೆ ಸಾಂಬ್ರಾಣಿ ಹಾಕಿದ ಮೇಲೆ ಆ ಕೆಂಡದ ತಟ್ಟೆಯನ್ನು ಕಂಪ್ಯೂಟರಿನ ಡಬ್ಬದ ಮುಂದೆಯೂ ಹಿಡಿಯುವುದು ಅವರ ಪದ್ಧತಿ; ಅನ್ನ ಕೊಡುವ ಮಷೀನಲ್ಲವೇ. ಮುಂದಿನ ಫ್ಯಾನು ಹೊಗೆಯನ್ನೆಲ್ಲ ಒಳಕ್ಕೆ ಎಳೆದುಕೊಳ್ಳುವುದು ನೋಡಿ, "ನೋಡಮ್ಮಿ, ಎಂಗೆ ಎಳ್ಕತಾ ಅದೆ. ಒಪ್ಕಂಡದೆ," ಅನ್ನೋರು. ಮಷೀನು ಮಂಕಾದ ಮೇಲೆ, ಯಾರದೋ ಕಣ್ಣು ತಾಗಿದೆ ಎಂದು ದಿನಾ ಹಿಡಿಯುತ್ತಿದ್ದರು.

ಆ ಬೆಳಿಗ್ಗೆಯೂ ಫೈಲು ಮಾಡಲು ಹಚ್ಚಿದೆ. ಕತ್ತಲೆ ಕೋಣೆಯ ಕ್ಲಿಪ್ಪು ಬಂತು, ಎಷ್ಟು ಕೆಲಸ ಆಯಿತೆಂದು ತೋರಿಸುವ ಗೆರೆ ನಿಂತಿತು. ಪ್ರೊಸೆಸರ್ ಪೂರ್ತಿ ದುಡಿಯುತ್ತಿದೆ ಎಂದು ತೋರಿಸುತ್ತಿತ್ತು, ವೇಗ ಮಾತ್ರ ಇರಬೇಕಾದ್ದರ ಕಾಲು ಭಾಗಕ್ಕೆ ಬಿದ್ದಿತ್ತು. ಅಷ್ಟರಲ್ಲಿ ಹುಡುಗಿಯ ಅಪ್ಪನ ಫೋನು ಹೊಡೆದುಕೊಂಡಿತು. ಅವರು ಬೆಚ್ಚಿಬಿದ್ದು ಎತ್ತಿದರು. ಅಜ್ಜಿಯ ಸುದ್ದಿಯೇ ಇರಬೇಕು ಅಂದುಕೊಂಡೆ. ಮನೆಯಿಂದ, ಇನ್ನೂ ಆಗಿಲ್ಲವಾ ಎಂದು ಕೇಳಲು ಮಾಡಿದ್ದರು. ನಾನು ಪರದೆ ಕಡೆ ತಿರುಗಿದರೆ ಅದು ಕಪ್ಪಾಗಿತ್ತು. ಮೇಲಿನ ಫ್ಯಾನು ತಿರುಗುತ್ತಲೇ ಇತ್ತು, ಕರೆಂಟು ಹೋಗಿರಲಿಲ್ಲ. ಮಷೀನೇ ಆರಿಹೋಗಿತ್ತು.

ಒಳಗೆ ಹೋಗಿ ಗಂಡನಿಗೆ ಫೋನು ಮಾಡಿದೆ. ಅವನು ಮಳವಳ್ಳಿಯ ಛತ್ರದಲ್ಲಿ, ಓಲಗದ ಸದ್ದಿನ ಮಧ್ಯೆ. "ಲೇ, ಆ ಕತ್ತಲೆ ಕ್ಲಿಪ್ಪು ಕಿತ್ತಾಕು. ಅದೇ ಮಷೀನ್ ತಿಂತಿರೋದು. ಛತ್ರದ್ದು ಅಷ್ಟುದ್ದ ಅದಲ್ಲ, ಸಾಕು ಬುಡು," ಅಂದ. ಬುದ್ಧಿವಂತರ ಮಾತೇ. ಬಂದು ಮಷೀನು ಹಚ್ಚಿ, ಆ ಕ್ಲಿಪ್ಪಿನ ಮೇಲೆ ಬೆರಳಿಟ್ಟೆ. ಹಿಂದಿನಿಂದ ಅವರು, ಏನೂ ತಿಳಿಯದೆ, "ನಮ್ಮವ್ವ ಅಕ್ಸತೆ ಆಕುದ್ದು ಅದ್ರಲ್ಲಿ ಅದೆ ಅಲ್ವಾ?" ಅಂದರು. ಅದೆ ಅಣ್ಣ, ಅಂದೆ. ಅಂದ ಮೇಲೆ ಹೇಗೆ ಕೀಳುವುದು.

ಆಗ ನನಗೊಂದು ಹೊಳೆಯಿತು. ಆರಿಸಿ ಹಚ್ಚಿದಾಗ ಸ್ವಲ್ಪ ಹೊತ್ತು ಚೆನ್ನಾಗೇ ಓಡುತ್ತದೆ, ತಣ್ಣಗಿದ್ದಷ್ಟು ಹೊತ್ತು ಮಾತ್ರ. ಶಾಖ ತೋರಿಸುವ ಒಂದು ಸಾಫ್ಟ್‌ವೇರ್ ಇಳಿಸಿ ನೋಡಿದೆ. ಕೆಲಸ ಕೊಟ್ಟ ಕೂಡಲೇ ಅಂಕಿ ಏರುತ್ತಾ ಏರುತ್ತಾ ನೀರು ಕುದಿಯುವ ಹತ್ತಿರಕ್ಕೆ ಹೋಯಿತು, ಅದರ ಹಿಂದೆಯೇ ವೇಗ ಬಿತ್ತು. ಬಿಸಿ ತಡೆಯಲಾರದೆ ಪ್ರೊಸೆಸರ್ ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು. ಅದಕ್ಕೂ ಮೀರಿದರೆ ಆರಿಹೋಗುತ್ತಿತ್ತು. ಡಬ್ಬದ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನು ಇಟ್ಟೆ. ಅಂಕಿ ಇಳಿಯಲಿಲ್ಲ. ಪ್ರೊಸೆಸರ್ ಮೇಲೆ ಕೂತು ಅದನ್ನು ತಣಿಸುವ ಕೂಲರನ್ನೇ ಬಿಚ್ಚಬೇಕಿತ್ತು.

ನಿಜವಾದ ಭಯ ಶುರುವಾಗಿದ್ದು ಅಲ್ಲಿ. ಶಾಖ ದಾಟಿಸಲು ಎರಡರ ನಡುವೆ ಹಚ್ಚಿರುವ ಪೇಸ್ಟು ಒಣಗಿದ್ದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ. ಅಡಿಯಲ್ಲಿರುವ ಕೂದಲಿನಂಥ ಕಾಲುಗಳು ಬಾಗಿದರೆ ಮುಗಿಯಿತು. ಮಂಡ್ಯದಲ್ಲಿ ನನ್ನ ಗೆಳತಿಯ ಮಷೀನಿಗೆ ಹಾಗೇ ಆಗಿತ್ತು. ಹಾಗಾದರೆ ಕುಂಟಿಕೊಂಡಾದರೂ ಓಡುತ್ತಿದ್ದ ಮಷೀನೂ ಇಲ್ಲ, ಅಜ್ಜಿ ಮದುವೆ ನೋಡುವುದೂ ಇಲ್ಲ. ಬಿಚ್ಚದೆ ಸುಮ್ಮನಿರೋಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಪೇಸ್ಟು ಮೆತ್ತಗಿರಲಿ ಎಂದು ಮಷೀನು ಬಿಸಿಯಿದ್ದಾಗಲೇ ಆರಿಸಿ, ವೈರು ಕಿತ್ತು, ಸ್ಕ್ರೂ ಸಡಿಲ ಮಾಡಿದೆ. "ಅಣ್ಣ, ಫೋನಿನ ಬೆಳಕು ಬಿಡಿ ಇಲ್ಲಿ," ಅಂದೆ. ಅವರು ಎದ್ದು ಬಂದು ಬೆಳಕು ಹಿಡಿದರು. ಕೂಲರನ್ನು ಎತ್ತದೆ, ಆ ಕಡೆ ಚೂರು ಈ ಕಡೆ ಚೂರು ತಿರುಗಿಸಿದೆ. ಬರಲಿಲ್ಲ. ಮತ್ತೆ ತಿರುಗಿಸಿದೆ. ಲೊಚಕ್ ಅಂತ ಸದ್ದಾಯಿತು, ಕೂಲರ್ ಕೈಗೆ ಬಂತು. ಕಣ್ಣು ಮುಚ್ಚಿಕೊಂಡಿದ್ದೆ. ಬಿಟ್ಟು ನೋಡಿದರೆ ಪ್ರೊಸೆಸರ್ ತನ್ನ ಜಾಗದಲ್ಲೇ ಕೂತಿತ್ತು.

ಕೂಲರಿನ ತಗಡಿನ ಎಸಳುಗಳ ಸಂದಿಯೆಲ್ಲ ಮುಚ್ಚಿಹೋಗಿತ್ತು. ಬರೀ ಧೂಳಾಗಿದ್ದರೆ ಊದಿದರೆ ಹೋಗುತ್ತಿತ್ತು. ಇದು ಸೌದೆ ಒಲೆಯ ಮೇಲೆ ಹೊಗೆ ಕಟ್ಟಿದ ಇಲ್ಲಣದ ಹಾಗೆ ಕಪ್ಪಗೆ, ಅಂಟಂಟು. ಮೂಗಿನ ಹತ್ತಿರ ತಂದರೆ ನಮ್ಮ ದೇವರ ಮನೆಯ ವಾಸನೆ. ಸಾಂಬ್ರಾಣಿ ಹೊಗೆ ಧೂಳಿನ ಜೊತೆ ಸೇರಿ ಹೆಪ್ಪುಗಟ್ಟಿತ್ತು. ಅತ್ತೆ ಅಡುಗೆಮನೆಯಿಂದ ಬಂದು, "ಏನಮ್ಮಿ ಅದು?" ಅಂದರು. "ಇನ್ನೇನು, ನಿಮ್ಮ ಧೂಪ," ಅಂದೆ, ಬಂದಿದ್ದವರು ಇದ್ದಾರೆ ಎಂದೂ ನೋಡದೆ. ಅತ್ತೆ ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು. ಮುಖ ಸಣ್ಣದಾಯಿತು. "ಕೆಮ್ಮಾಕೂ ಬಾಯಿಲ್ವಲ್ಲ ಇದುಕ್ಕೆ," ಅಂದು ಒಳಗೆ ಹೋಗಿ ಹಳೇ ಟೂತ್‌ಬ್ರಷ್ಷು ತಂದು ಕೊಟ್ಟರು.

ಉಜ್ಜಿ, ಒರೆಸಿ, ಡ್ರಾಯರಿನಲ್ಲಿದ್ದ ಹೊಸ ಪೇಸ್ಟು ಹಚ್ಚಿ, ಕೂಲರ್ ಕೂರಿಸಿ ಬಟನ್ ಒತ್ತಿದೆ. ಪರದೆ ಬೆಳಗಿತು. ಗೆರೆ ಓಡಿತು. ಕತ್ತಲೆ ಕೋಣೆ ಬಂದಾಗ ನಾನು ಅಂಕಿಯನ್ನೇ ನೋಡುತ್ತಿದ್ದೆ. ಸ್ವಲ್ಪ ಏರಿ ನಿಂತಿತು, ವೇಗ ಬೀಳಲಿಲ್ಲ. ಫೈಲನ್ನು ಅವರ ಫೋನಿಗೆ ಹಾಕಿಕೊಟ್ಟೆ. ಬತ್ತೀನಿ ಅನ್ನುವುದನ್ನೂ ಮರೆತು ಅವರು ಬಸ್ಸಿಗೆ ಓಡಿದರು.

ಸಂಜೆ ಅತ್ತೆ ಕೆಂಡದ ತಟ್ಟೆ ಹಿಡಿದು ಬಂದಾಗ ನಾನು ದುರುಗುಟ್ಟಿ ನೋಡಿದೆ. ಅವರು ಮಷೀನಿನ ಕಡೆ ತಿರುಗಲಿಲ್ಲ. ನೆಟ್ಟಗೆ ಹೊಸ್ತಿಲು ದಾಟಿ, ಆ ಬಸ್ಸು ಹೋದ ದಿಕ್ಕಿಗೆ ಧೂಪ ಹಿಡಿದು ನಿಂತರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹುಡುಗಿಯ ಅಪ್ಪನದೇ ನಂಬರು. ತಡವಾಯಿತೇನೋ ಎಂಬ ಹೆದರಿಕೆಗೆ ಕೈ ಮುಂದಕ್ಕೆ ಹೋಗಲಿಲ್ಲ. "ಎತ್ತಮ್ಮಿ," ಅಂದರು ಅತ್ತೆ. ಎತ್ತಿ ಸ್ಪೀಕರಿಗೆ ಹಾಕಿದೆ.

"ನೋಡುದ್ಲು ಕಣವ್ವ," ಅಂದರು ಅವರು. "ಛತ್ರದ್ದೆಲ್ಲ ಸುಮ್ಕೆ ನೋಡ್ತಿದ್ಲು. ಅವಳ ಕೋಣೆ ಬಂತು ನೋಡು, ತಲೆ ಎತ್ತುದ್ಲು. ಯಾರ್ಲಾ ಅದು ಅಂದ್ಲು. ನೀನೇ ಕಣವ್ವ ಅಂದೆ. ಈಗ ಬಂದೋರ್ಗೆಲ್ಲ, ಮದ್ವೇಲಿ ನಾನೂ ಇವ್ನಿ ನೋಡ್ರಲಾ ಅಂತ ತೋರುಸ್ತಾವ್ಳೆ."

ಅತ್ತೆ ತಟ್ಟೆ ಕೆಳಗಿಟ್ಟು ಫೋನು ಇಸಿದುಕೊಂಡರು. "ಇನ್ನೊಂದ್ಸಲ ಆಕಪ್ಪ, ನೋಡ್ಕಳ್ಲಿ," ಅಂದರು.