ಗಂಟಿಲ್ಲದ ನೂಲು

ಗುಂಡಿ ಹೊಲಿಯೋಣವೆಂದು ಸೂಜಿ ಹುಡುಕುತ್ತ ಬೀರುವಿನ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿದೆ. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದ ಕೂಡಲೇ ಆ ವಾಸನೆ ಬಂತು. ಮಗ್ಗಕ್ಕೆ ಬಿಡುವ ಎಣ್ಣೆ, ನೂಲಿಗೆ ಹಾಕುವ ಗಂಜಿ, ಬಿಸಿಲಿಗೆ ಕಾದ ತಗಡಿನ ಮಾಡು, ಎಲ್ಲ ಸೇರಿದ ವಾಸನೆ. ಕೋಯಮತ್ತೂರಿನ ಗಣಪತಿ ಅನ್ನುವ ಬಡಾವಣೆಯ ನಮ್ಮ ಬೀದಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನೀರಿನ ಪಂಪು ತಯಾರಿಸುವ ವರ್ಕ್‌ಶಾಪುಗಳ ಕಬ್ಬಿಣದ ಪುಡಿಯ ವಾಸನೆಯೇ ಮೂಗಿಗೆ ಬಡಿಯುತ್ತದೆ. ಅದರ ನಡುವೆಯೂ ಇದು ದಾರಿ ಮಾಡಿಕೊಂಡು ಬಂದು ಎದೆಗೆ ತಾಗಿತು. ಡಬ್ಬಿಯಲ್ಲಿ ಸೂಜಿ ಇರಲಿಲ್ಲ. ದೊಡ್ಡಪ್ಪನ ನೂಲುಗಳಿದ್ದವು. ಅವು ಅಲ್ಲಿವೆ ಅಂತ ನನಗೆ ಗೊತ್ತಿಲ್ಲದೆ ಏನಿಲ್ಲ. ಅವರು ತೀರಿಕೊಂಡ ಮೇಲೆ ಇಷ್ಟು ವರ್ಷ ತೆಗೆಯದೆ ಇದ್ದೆ, ಅಷ್ಟೆ.

ಈಗ ತೆಗೆದದ್ದಕ್ಕೂ ಕಾರಣವಿದೆ. ಹೋದ ಶುಕ್ರವಾರ ಹೆಂಗಸರ ಕೂಟದಲ್ಲಿ ನಮ್ಮ ಪಾಸ್ಟರು ಹಳೆಯ ಕಾಲದ ಕ್ರೈಸ್ತ ಸಭೆಯ ಚರಿತ್ರೆ ಹೇಳುತ್ತಿದ್ದರು. ತಪ್ಪು ಬೋಧನೆ ಮಾಡಿದವರೆಲ್ಲ ಕೆಟ್ಟವರಾಗಿದ್ದರು ಅಂದುಕೊಳ್ಳಬೇಡಿ, ಕೆಲವರು ಎಷ್ಟು ಶುದ್ಧವಾಗಿ ಬದುಕಿದರೆಂದರೆ ಅವರನ್ನು ಎದುರಿಸಿದವರೇ ಅವರ ನಡತೆಯನ್ನು ಮೆಚ್ಚಿಕೊಂಡರು, ಅಂದರು. "ನಡತೆ ನೋಡಿ ಜನ ಬೋಧನೆಯನ್ನೂ ನಂಬಿಬಿಟ್ಟರು. ಅಪಾಯ ಅಲ್ಲೇ ಇರೋದು." ನನ್ನ ಪಕ್ಕದಲ್ಲಿದ್ದವಳು ಆಕಳಿಸಿದಳು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅವತ್ತಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸಿದೆ. ಮನೆಯವರು ಉಪ್ಪಿನ ಸಾರನ್ನು ಏನೂ ಹೇಳದೆ ಉಂಡರು. ಅದೊಂದು ಕೃಪೆ ಅಂತ ಎಣಿಸಿಕೊಂಡೆ.

ನನಗೆ ಆರು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಅದೇ ವಾರ ಕರುಮತ್ತಂಪಟ್ಟಿಯಿಂದ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ನಿಂತು ಅಮ್ಮನಿಗೆ, "ಬಾಮ್ಮಾ, ನಿನ್ನ ಮನೆಗೆ ಹೋಗೋಣ" ಅಂದರು. ನಮ್ಮ ಮನೆಗೆ ಬಾ ಅನ್ನಲಿಲ್ಲ. ಅಮ್ಮ ಸಾಯುವವರೆಗೂ ಆ ಒಂದು ಮಾತನ್ನು ನೆನೆಯುತ್ತಿದ್ದಳು. ಮುಂದೆ ಎರಡು ಕೋಣೆ, ಹಿಂದೆ ತಗಡಿನ ಮಾಡಿನ ಕೆಳಗೆ ನಾಲ್ಕು ಪವರ್‌ಲೂಮ್ ಮಗ್ಗ; ಅವು ಓಡುವಾಗ ಅಡುಗೆಮನೆಯ ಲೋಟಗಳು ಕೂಡ ನಡುಗುತ್ತಿದ್ದವು. ನಾವು ಕನ್ನಡ ಮಾತಾಡುವ ನೇಕಾರರು. ತಾತನ ಕಾಲದಲ್ಲಿ ಕ್ರಿಸ್ತನನ್ನು ನಂಬಿದವರು. ಬೀದಿ, ಶಾಲೆ, ಚರ್ಚು ಎಲ್ಲ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ; ಆ ಕನ್ನಡಕ್ಕೂ ಮರ್ಯಾದೆಗೊಂದು 'ಇಂಗ', ಮುದ್ದಿಗೊಂದು 'ಕಣ್ಣು' ತಮಿಳಿನಿಂದ ಬಂದು ಅಂಟಿಕೊಂಡಿದ್ದವು. ಆದರೆ ಕನ್ನಡ ಓದಲು ಬರುತ್ತಿದ್ದದ್ದು ದೊಡ್ಡಪ್ಪ ಒಬ್ಬರಿಗೇ. ತಾತನ ಹಳೆಯ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ತಪ್ಪಿಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ನೆಲದ ಮೇಲೆ ಅಕ್ಷರ ಬರೆದು ನನಗೆ ಕಲಿಸಿದರು. ಈಗ ಇದನ್ನು ಬರೆಯುತ್ತಿರುವ ಅಕ್ಷರಗಳೂ ಅವರವೇ. ಅವರನ್ನು ಬಿಟ್ಟು ಬರೆಯುತ್ತೇನೆ ಅಂದರೂ ಆಗುವುದಿಲ್ಲ.

ಅಂಥ ಮನುಷ್ಯರನ್ನು ನಾನು ಮತ್ತೆ ಕಾಣಲಿಲ್ಲ. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು, ವ್ಯಾಪಾರಿಯ ಕಣ್ಣಿಗೆ ಬೀಳದ ತಪ್ಪಿಗೂ ತಾವೇ ಗುರುತು ಹಾಕಿ ಕೊಡುತ್ತಿದ್ದರು. ಮಗ್ಗಕ್ಕೆ ಬರುತ್ತಿದ್ದ ಒಬ್ಬ ಮುದುಕನಿಗೆ ಮೈಮೇಲೆ ಅಮ್ಮನ ಗುಳ್ಳೆಗಳು ಎದ್ದಾಗ, ಅವನ ಮಕ್ಕಳೇ ಹತ್ತಿರ ಹೋಗಲಿಲ್ಲ. ದೊಡ್ಡಪ್ಪ ಅವನನ್ನು ಹೊತ್ತು ತಂದು ತಮ್ಮ ಮಂಚದಲ್ಲಿ ಮಲಗಿಸಿ, ತಾವು ಮಗ್ಗಗಳ ನಡುವೆ ನೆಲದಲ್ಲಿ ಮಲಗಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ.

ಆದರೆ ಅವರು ಕಲಿಸಿದ್ದು ಬೇರೆಯೇ. ದೇವರು ಕೈ ಕೊಟ್ಟಿದ್ದಾನೆ, ಕಾಲು ಕೊಟ್ಟಿದ್ದಾನೆ, ಬುದ್ಧಿ ಕೊಟ್ಟಿದ್ದಾನೆ; ಯೇಸು ನಡೆದು ತೋರಿಸಿದ್ದಾನೆ; ಇನ್ನು ನಡೆಯುವುದು ನಮ್ಮ ಕೆಲಸ, ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಹುದು, ದಿನಾ ಕೃಪೆ ಕೃಪೆ ಅಂತ ಕೈ ಚಾಚುವುದು ಸೋಮಾರಿಗಳ ಭಕ್ತಿ, ಅನ್ನುತ್ತಿದ್ದರು. ಕರ್ತರಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಚರ್ಚಿನ ಪಾದ್ರಿ ಅಯ್ಯನವರು ಎರಡು ಸಲ ಮನೆಗೆ ಬಂದು ಮಾತಾಡಿದರು. ಆಮೇಲೆ ದೊಡ್ಡಪ್ಪ ಚರ್ಚು ಬಿಟ್ಟರು. ಇಂಥ ಮನುಷ್ಯ ಹೇಳೋದು ಸುಳ್ಳಾಗುತ್ತಾ ಅಂತ ಏಳೆಂಟು ಮನೆಯವರು ಅವರ ಹಿಂದೆಯೇ ಬಂದರು. ಮಗ್ಗ ನಿಲ್ಲುವ ಭಾನುವಾರ, ಮಗ್ಗದ ಮಾಡಿನ ಕೆಳಗೇ ನಮ್ಮ ಆರಾಧನೆ ನಡೆಯುತ್ತಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಒಂದು ಮೊಳ ನೂಲನ್ನು ವಾರವಿಡೀ ಮಣಿಕಟ್ಟಿಗೆ ಸುತ್ತಿಕೊಂಡಿರಬೇಕು. ಸುಳ್ಳು ಹೇಳಿದರೆ ಒಂದು ಗಂಟು, ಸಿಟ್ಟು ಮಾಡಿದರೆ ಒಂದು ಗಂಟು. ಶನಿವಾರ ಸಂಜೆ ಅದನ್ನು ದೊಡ್ಡಪ್ಪನ ಕೈಗೆ ಕೊಡಬೇಕು. ಗಂಟಿಲ್ಲದ ನೂಲು ಕೊಟ್ಟವರಿಗೆ ಮಾತ್ರ ಭಾನುವಾರ ಯೇಸುವಿನ ನೆನಪಿಗೆ ಹಂಚುವ ಕರ್ತರ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ. ನೇಕಾರರಿಗೆ ಇದು ಬಹಳ ಹಿಡಿಸಿತು. ನೂಲು ಹರಿದರೆ ಗಂಟು, ಗಂಟು ಬಿದ್ದರೆ ಬಟ್ಟೆಯಲ್ಲಿ ತಪ್ಪು. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೆಚ್ಚಿನ ವಾರ ರೊಟ್ಟಿ ಮುಟ್ಟುತ್ತಿದ್ದದ್ದು ದೊಡ್ಡಪ್ಪ ಒಬ್ಬರೇ. ಉಳಿದವರು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು.

ದೊಡ್ಡಮ್ಮ ಮಾತ್ರ ತಲೆ ತಗ್ಗಿಸಲಿಲ್ಲ. ದಪ್ಪ ಮೈ, ಎಲೆಯಡಿಕೆಯ ಬಾಯಿ, ಬೀದಿಯ ಎಲ್ಲರ ಮನೆ ಸುದ್ದಿ. ಉಪವಾಸದ ದಿನ ಬೆಲ್ಲದ ಡಬ್ಬಿಗೆ ಕೈ ಹಾಕಿ ನನಗೂ ಒಂದು ಚೂರು ಕೊಟ್ಟು, "ನಿಂದೊಂದು ಗಂಟು, ನಂದೊಂದು ಗಂಟು, ಸರಿಹೋಯ್ತು ಬಿಡು ಕಣ್ಣು" ಅನ್ನುತ್ತಿದ್ದಳು. ಶನಿವಾರ ತನ್ನ ನೂಲನ್ನು ಗಂಡನ ಕೈಗಿಟ್ಟು, "ನೋಡಿಂಗ, ಇಷ್ಟು ಗಂಟಿಗೆ ಒಂದು ಹಗ್ಗವೇ ಆಯ್ತು, ಎಮ್ಮೆ ಕಟ್ಟಬಹುದು" ಅನ್ನುವಳು. ದೊಡ್ಡಪ್ಪನ ತುಟಿಯಲ್ಲೂ ನಗೆ ಬರುತ್ತಿತ್ತು. ರೊಟ್ಟಿ ಮಾತ್ರ ಬರುತ್ತಿರಲಿಲ್ಲ. ಎಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ನನ್ನ ಬೆರಳ ಗೆಣ್ಣುಗಳನ್ನು ಒಂದೊಂದೇ ಒತ್ತುತ್ತ, "ಅವರು ತಪ್ಪು ಎಣಿಸ್ಲಿ. ನಾವು ಸಿಕ್ಕಿದ್ದು ಎಣಿಸೋಣ ಬಾ. ಇವತ್ತು ನಲ್ಲೀಲಿ ನೀರು ಬಂತು. ಹಾಲು ಒಡೀಲಿಲ್ಲ. ನಿನ್ನ ಜ್ವರ ಬಿಡ್ತು" ಅನ್ನುತ್ತಿದ್ದಳು. ಹೀಗೆ ನಾಲ್ಕು ವರ್ಷ ನಡೆಯಿತು.

ನನಗೆ ಹನ್ನೊಂದು ವರ್ಷವಾದಾಗ ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ ಅಂತ ಗೊತ್ತಾಯಿತು. ಕೋಯಮತ್ತೂರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ದೊಡ್ಡಪ್ಪ ಮಗ್ಗ ನಿಲ್ಲಿಸಿ ಅವಳನ್ನು ಮಗುವಿನ ಹಾಗೆ ತೊಳೆದು, ಬಡಿಸಿ, ನೋಡಿಕೊಂಡರು. ಒಂದು ಮಧ್ಯಾಹ್ನ ಅವಳು, "ಒಂದು ಚೂರು ರೊಟ್ಟಿ ನಾಲಿಗೆ ಮೇಲಿಟ್ಟು ಕಳಿಸಿಂಗ" ಅಂದಳು. ಅವರು ಮಂಚದ ಪಕ್ಕ ನೆಲದಲ್ಲಿ ಕೂತರು. "ಈ ಒಂದು ವಾರ ನೋಡು. ನಿನ್ನ ಕೈಲಿ ಆಗುತ್ತೆ."

"ಆಗಲ್ಲಂಗ. ನೋವು ಬಂದಾಗ ಬೈದುಬಿಡ್ತೀನಿ."

"ಯಾರನ್ನ?"

"ಇನ್ಯಾರನ್ನ, ನಿಮ್ಮನ್ನೇ."

ಇಬ್ಬರೂ ನಕ್ಕರು. ದೊಡ್ಡಪ್ಪ ಕಣ್ಣೊರೆಸಿಕೊಂಡರು, ಆದರೆ ಮಾತು ಬದಲಿಸಲಿಲ್ಲ. ಆ ಶನಿವಾರ ದೊಡ್ಡಮ್ಮನ ಬೆರಳಿಗೆ ಗಂಟು ಹಾಕುವ ಶಕ್ತಿ ಇರಲಿಲ್ಲ. ನೂಲನ್ನು ನನ್ನ ಕೈಗೆ ಕೊಟ್ಟಳು. ಎಷ್ಟು ಹಾಕಲಿ ಅಂದೆ. "ಜಾಗ ಇರೋವರೆಗೂ ಹಾಕು" ಅಂದಳು. ನಾನು ಮಾಡಿನ ಹಿಂದೆ ಹೋಗಿ ಆ ನೂಲನ್ನು ಎಸೆದು, ಬಾಬಿನ್ನಿನಿಂದ ಒಂದು ಮೊಳ ಹೊಸ ನೂಲು ಹರಿದುಕೊಂಡು ಬಂದು ದೊಡ್ಡಪ್ಪನಿಗೆ ಕೊಟ್ಟೆ. ಅವರು ಅದನ್ನು ಬೆರಳುಗಳ ನಡುವೆ ಉಜ್ಜಿದರು, ಮೂಸಿದರು. ವಾರವಿಡೀ ರೋಗಿಯ ಮಣಿಕಟ್ಟಿನಲ್ಲಿದ್ದ ನೂಲಿಗೆ ಬೆವರು, ಅರಿಸಿನ, ತೈಲದ ವಾಸನೆ ಇರಬೇಕು. ಇದಕ್ಕೆ ಗಂಜಿಯ ವಾಸನೆ ಮಾತ್ರ.

"ಇದು ದೊಡ್ಡಮ್ಮನದಾ?"

"ಹೌದು ದೊಡ್ಡಪ್ಪ."

ಬೈಯಲಿಲ್ಲ. ನೂಲನ್ನು ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದರು. "ನಿನ್ನ ಮನಸ್ಸು ಒಳ್ಳೇದು ಕಣ್ಣು. ಆದರೆ ಸುಳ್ಳಿಗೆ ನಾನು ರೊಟ್ಟಿ ಕೊಡಲಾರೆ."

ಮಾರನೆಯ ದಿನ ಭಾನುವಾರ, ನಡು ಮಧ್ಯಾಹ್ನ. ದೊಡ್ಡಪ್ಪ ಅಂಗಿ ತೊಟ್ಟು, ಚಪ್ಪಲಿ ಹಾಕದೆ ಹೊರಟರು. ನಾನು ಹಿಂದೆ ಓಡಿದೆ. ಅವರು ಹೋಗಿ ನಿಂತದ್ದು ತಾವು ಬಿಟ್ಟು ಬಂದ ಚರ್ಚಿನ ಗೇಟಿನಲ್ಲಿ. ಅಯ್ಯನವರು ಉಂಡು ಮಲಗಿದ್ದವರು ಎದ್ದು ಬಂದರು. ದೊಡ್ಡಪ್ಪ ಕೈ ಕಟ್ಟಿ, "ಅವಳಿಗೆ ಕರ್ತರ ಭೋಜನ ಬೇಕಂತೆ ಅಯ್ಯಾ. ನನ್ನ ಮನಸ್ಸಾಕ್ಷಿ ಬಿಡ್ತಾ ಇಲ್ಲ. ನೀವು ಕೊಡ್ತೀರಿ. ಬಂದು ಕೊಡಿ" ಅಂದರು.

"ತಪ್ಪು ಅಂತ ನೀನು ಊರಿಗೆಲ್ಲ ಹೇಳೋದನ್ನ ನಿನ್ನ ಮನೆಗೇ ಬಂದು ಮಾಡಬೇಕಾ?"

"ತಪ್ಪೇ ಅಯ್ಯಾ. ಆದರೆ ಅವಳಿಗೆ ಬೇಕು."

ಅಯ್ಯನವರು ಒಳಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಬಂದರು. ದಾರಿಯುದ್ದಕ್ಕೂ ದೊಡ್ಡಪ್ಪ ಅವರ ತಲೆಯ ಮೇಲೆ ಕೊಡೆ ಹಿಡಿದರು. ತಮ್ಮ ತಲೆ ಬಿಸಿಲಿನಲ್ಲಿತ್ತು, ಅಂಗಾಲು ಕಾದ ಟಾರಿನ ಮೇಲೆ. ಮನೆ ಬಾಗಿಲಲ್ಲಿ ಅಯ್ಯನವರು, "ಒಳಗೆ ಬಾಪ್ಪಾ, ನಿನಗೂ ಇದೆ" ಅಂದರು. "ನನಗೆ ಬೇಡಂಗ" ಅಂತ ಮೆಲ್ಲಗೆ ಹೇಳಿ, ನಿಂತ ಮಗ್ಗಗಳ ನಡುವೆ ಹೋಗಿ ಕೂತರು. ದೊಡ್ಡಮ್ಮ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು. ನುಂಗಿದ ಮೇಲೆ ನನ್ನ ಬೆರಳು ಹಿಡಿದು, "ಇದನ್ನೂ ಎಣಿಸು ಕಣ್ಣು" ಅಂದಳು. ಎರಡು ದಿನಕ್ಕೆ ಹೋದಳು.

ಆಮೇಲೆ ಮಾಡಿನ ಕೆಳಗಿನ ಆರಾಧನೆ ತಾನಾಗಿ ನಿಂತಿತು. ಹಿಂದೆ ಬಂದಿದ್ದವರು ಒಬ್ಬೊಬ್ಬರೇ ಚರ್ಚಿಗೆ ವಾಪಸು ಹೋದರು. ಮಗ್ಗಗಳು ಹಳೆ ಕಬ್ಬಿಣಕ್ಕೆ ಹೋದವು. ಮನೆ ಇದ್ದ ಜಾಗದಲ್ಲಿ ಈಗ ಒಂದು ಗೋಡೌನು. ಬಸ್ಸಿನಲ್ಲಿ ಹೋಗುವಾಗ ಕತ್ತು ತಿರುಗಿಸುವಷ್ಟರಲ್ಲಿ ಕಳೆದುಹೋಗುತ್ತದೆ. ನಿಮಗೂ ಅಂಥ ಒಂದು ಜಾಗ ಇರುತ್ತದೆ, ಕತ್ತು ತಿರುಗಿಸುವ ಚಾಳಿ ಬಿಟ್ಟಿರುವುದಿಲ್ಲ. ದೊಡ್ಡಪ್ಪ ಕೊನೆಯ ಒಂದು ವರ್ಷ ಗಣಪತಿಯ ನಮ್ಮ ಮನೆಯಲ್ಲಿದ್ದರು. ಡಬ್ಬಿ ಅವರ ಜೊತೆ ಬಂದದ್ದು.

ಇವತ್ತು ಅದನ್ನು ಅಡುಗೆಮನೆಯ ನೆಲದ ಮೇಲೆ ಸುರಿದೆ. ಕಟ್ಟು ಕಟ್ಟಾಗಿ ಅವರ ನೂಲುಗಳು, ನೂರಾರು ವಾರದವು, ಒಂದಕ್ಕೂ ಗಂಟಿಲ್ಲ. ಎಲ್ಲಕ್ಕೂ ಕೊನೆಯದು ಬೇರೆಯಾಗಿ ಕಾಗದದಲ್ಲಿ ಸುತ್ತಿದೆ. ಅದರಲ್ಲಿ ಒಂದೇ ಒಂದು ಗಂಟು. ಕಾಗದದ ಮೇಲೆ ಅವರ ಅಕ್ಷರದಲ್ಲಿ ದೊಡ್ಡಮ್ಮನ ಹೆಸರು. ಅವರಿದ್ದಾಗಲೇ ಒಮ್ಮೆ ತೋರಿಸಿ, ಇದು ಯಾವುದಕ್ಕೆ ದೊಡ್ಡಪ್ಪ ಅಂತ ಕೇಳಿದ್ದೆ. ಮುಖ ಗೋಡೆಗೆ ತಿರುಗಿಸಿದರು. ಹೆಂಡತಿಗೆ ರೊಟ್ಟಿ ಕೊಡದೆ ಹೋದದ್ದಕ್ಕೋ, ತಪ್ಪೆಂದು ನಂಬಿದ್ದನ್ನು ತಾವೇ ಕರೆದು ತಂದು ಮಾಡಿಸಿದ್ದಕ್ಕೋ? ಮೊದಲನೆಯದಾದರೆ ಅವರ ಬೋಧನೆ ಅವತ್ತೇ ಮುರಿದಿತ್ತು. ಎರಡನೆಯದಾದರೆ, ಅವರು ಜೀವಮಾನದಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸವನ್ನೇ ಪಾಪವೆಂದು ಹೊತ್ತುಕೊಂಡು ಹೋದರು. ನಾನು ಯೋಚಿಸುತ್ತ ಕೂತಿರುವಾಗ ಒಲೆಯ ಮೇಲಿದ್ದ ಹಾಲು ಉಕ್ಕಿತು.

ಅವರು ಕಲಿಸಿದ್ದು ಸುಳ್ಳು. ಇದನ್ನು ನನಗೆ ಯಾವ ಪಾಸ್ಟರೂ ಹೇಳಬೇಕಾಗಿಲ್ಲ, ದೊಡ್ಡಮ್ಮನ ಮಂಚದ ಪಕ್ಕದಲ್ಲಿ ನಿಂತು ಕಲಿತಿದ್ದೇನೆ. ಆದರೂ ನನ್ನ ತಲೆ ಮೇಲೆ ಮಾಡು, ತಟ್ಟೆಗೆ ಅನ್ನ, ಕೈಗೆ ಅಕ್ಷರ ಬಂದದ್ದು ಆ ಕೈಯಿಂದಲೇ. ಕೊನೆಯ ದಿನ ಬೆಳಿಗ್ಗೆ ಅವರ ಕಿವಿಯ ಹತ್ತಿರ ಕರ್ತರ ಪ್ರಾರ್ಥನೆ ಹೇಳಿದೆ. ದನಿ ಇಲ್ಲದಿದ್ದರೂ ತುಟಿ ನನ್ನ ಜೊತೆಗೇ ಆಡುತ್ತಿತ್ತು. ಕ್ಷಮೆಯ ಸಾಲಿಗೆ ಬಂದಾಗ ತುಟಿ ಮುಚ್ಚಿಕೊಂಡಿತು. ಮುಂದಿನ ಸಾಲಿಗೆ ಮತ್ತೆ ತೆರೆಯಿತು.

ಅವತ್ತಿನಿಂದ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ನಾನು ಎರಡು ಸಲ ಹೇಳುತ್ತೇನೆ. ಒಂದು ನನಗೆ. ಸತ್ತವರಿಗಾಗಿ ಬೇಡಿಕೊಳ್ಳುವುದು ತಪ್ಪು ಬೋಧನೆ, ಅದಕ್ಕೆ ವೇದದಲ್ಲಿ ಆಧಾರವಿಲ್ಲ ಅಂತ ನಮ್ಮ ಪಾಸ್ಟರು ಹೇಳಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ. ನೂಲುಗಳನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಉಕ್ಕಿದ ಹಾಲನ್ನು ಒರೆಸಿ, ಒರೆಸುತ್ತಲೇ ಪ್ರಾರ್ಥನೆ ಶುರುಮಾಡಿದೆ. ಇವತ್ತೂ ಎರಡು ಸಲವೇ ಹೇಳಿದೆ.