ಜಿದ್ದಾಕ್ಕೆ ಎರಡೂವರೆ ಗಂಟೆ

ಶಿರಾಳಕೊಪ್ಪದಲ್ಲಿ ನಮ್ಮ ಪಕ್ಕದ ಮನೆ ಒಬ್ಬ ಟೈಲರ್‌ನದು. ತೊಂಬತ್ತರ ದಶಕದ ಒಂದು ವರ್ಷ, ಯಾವುದೆಂದು ಖಚಿತವಾಗಿ ಹೇಳಲಾರೆ, ಅವನ ಅಣ್ಣ ತಾಯಿಯನ್ನು ಸೌದಿಯ ಜಿದ್ದಾಕ್ಕೆ ಕರೆಸಿಕೊಂಡ. ಆಕೆಗೆ ಹೃದಯದ ಕಾಯಿಲೆ. ಸೊರಬದ ಬಸ್ಸಿನಲ್ಲಿ ನಿಂತು ಹೋದರೂ ಬೆವರುತ್ತಿದ್ದವರು ಮುಂಬಯಿಯಿಂದ ಒಬ್ಬರೇ ವಿಮಾನದಲ್ಲಿ ಹೋಗಬೇಕಿತ್ತು.

"ಎಷ್ಟು ಹೊತ್ತು ಗಾಳಿಯಾಗೆ ಕೂರಬೇಕು, ಅದು ಹೇಳ್ರಿ ಮೇಷ್ಟ್ರೇ. ಆಮೇಲೆ ಹೋಗೋದೋ ಬಿಡೋದೋ ನೋಡ್ತೀನಿ" ಎಂದರು.

ನಾನು ಎಂಎಸ್ಸಿ ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಟಿಕೆಟ್ ನೋಡಿದೆ. ಬಿಡುವುದು ಬೆಳಿಗ್ಗೆ ಹತ್ತಕ್ಕೆ, ತಲುಪುವುದು ಹನ್ನೆರಡೂವರೆಗೆ. ಪರೀಕ್ಷಿಸದೆ ಯಾವುದನ್ನೂ ನಂಬದ ಚಟ ನನ್ನದು. ಟೈಲರ್ ಅಂಗಡಿಯ ದಾರವನ್ನು ಅಟ್ಲಾಸಿನ ಮೇಲಿಟ್ಟು ಅಳೆದೆ. ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ಬಂತೆಂದು ನೆನಪು. ಅಷ್ಟು ದೂರವನ್ನು ಎರಡೂವರೆ ಗಂಟೆಯಲ್ಲಿ ಮುಟ್ಟಲು ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಬೇಕು. ನಾನು ಅನುಮಾನಿಸಿದ್ದು ದಾರವನ್ನು, ಅಚ್ಚಾದ ಟಿಕೆಟನ್ನಲ್ಲ.

"ಎರಡೂವರೆ ಗಂಟೆ ಅಷ್ಟೇ ಅಮ್ಮಾ. ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದಷ್ಟು."

ಆ ಮಾತು ನಂಬಿ, ಮುಂಬಯಿವರೆಗೆ ನೆಂಟರೊಬ್ಬರ ಜೊತೆ ಹೊರಟರು.

ಇಳಿದ ಒಂದು ಗಂಟೆಯೊಳಗೆ ಅಣ್ಣ ಎಸ್‌ಟಿಡಿ ಬೂತಿಗೆ ಫೋನ್ ಮಾಡುವುದೆಂದು ಮಾತಾಗಿತ್ತು. ವಿಮಾನ ಹಾರುವ ದಿನ ಭಾನುವಾರ. ನಾನೂ ಟೈಲರೂ ಒಂದು ಗಂಟೆಗೇ ಹೋಗಿ ಕೂತೆವು. ಎರಡಾಯಿತು, ಮೂರಾಯಿತು. ಫೋನ್ ಬಂದಾಗಲೆಲ್ಲ ಅಡಿಕೆ ವ್ಯಾಪಾರಿಗಳದ್ದೇ. ಟೈಲರ್ ನನ್ನ ಮುಖ ನೋಡುವುದನ್ನು ಬಿಟ್ಟ. ಆಕೆಗೆ ಆಕಾಶದಲ್ಲೇ ಏನಾದರೂ ಆಗಿದ್ದರೆ, ಕಳಿಸಿದವನು ನಾನು.

ನಾಲ್ಕರ ಹೊತ್ತಿಗೆ ಅವನ ಹೆಂಡತಿ ಬಂದಳು. ನಮ್ಮಿಬ್ಬರನ್ನೂ ನೋಡಿ ಕೇಳಿದಳು:

"ಹನ್ನೆರಡೂವರೆ ಅಂದ್ರೆ ಅಲ್ಲಿಂದೋ ಇಲ್ಲಿಂದೋ?"

"ಅದೇನೇ ಅಲ್ಲಿಂದು, ಇಲ್ಲಿಂದು?" ಎಂದು ಟೈಲರ್ ರೇಗಿದ.

"ಅಲ್ರೀ, ಮೊನ್ನೆ ಭಾವ ಫೋನ್ ಮಾಡಿದಾಗ ನಾವು ರಾತ್ರಿ ನಮಾಜ್ ಮುಗಿಸಿ ಉಂಡಿದ್ವಿ. ಅವರು ಇನ್ನೂ ಸಂಜೆ ನಮಾಜಿಗೆ ಹೊರಟಿದೀನಿ ಅಂದ್ರು. ಮರ್ತ್ರಾ?"

ನನಗೆ ತಲೆ ತಗ್ಗಿತು. ಟಿಕೆಟ್ಟಿನಲ್ಲಿ ಎರಡು ಊರಿನ ಎರಡು ಗಡಿಯಾರಗಳಿದ್ದವು. ಜಿದ್ದಾದ ಹನ್ನೆರಡೂವರೆ ನಮಗೆ ಮೂರು. ಪ್ರಯಾಣ ಐದು ಗಂಟೆಯದು. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ ಪಾಠ! ಆದರೂ ನಾಚಿಕೆಗಿಂತ ಮೊದಲು ಉಸಿರು ಸಲೀಸಾಯಿತು. ಇನ್ನೂ ಏನೂ ತಡವಾಗಿರಲಿಲ್ಲ.

ನಾಲ್ಕೂವರೆಯೊಳಗೆ ಫೋನ್ ಬಂತು. ಟೈಲರ್ ಎರಡು ಮಾತು ಕೇಳಿ ಜೋರಾಗಿ ನಕ್ಕ.

"ಮೇಷ್ಟ್ರ ಗಡಿಯಾರಕ್ಕೆ ಕೀ ಕೊಟ್ಟು ಎಷ್ಟು ದಿನ ಆತು ಕೇಳು ಅಂತಾಳೆ ಅಮ್ಮ!"

ಆಕೆ ನಿಜವಾಗಿ ಹಾಗೆ ಅಂದರೋ, ಮಗನೇ ಸೇರಿಸಿದನೋ, ಈಗ ಅನುಮಾನ. ಆದರೆ ರಿಸೀವರಿನಾಚೆಗೂ ಕೇಳುವಂತೆ ಯಾರೋ ಬೈಯುತ್ತಿದ್ದುದು ಖಂಡಿತ ನಿಜ. ಫೋನ್ ಬಂದುಬಿಟ್ಟರೆ ಎಂದು ಒಂದು ಗಂಟೆಯಿಂದ ಮೂತ್ರಕ್ಕೂ ಏಳದೆ ಕೂತಿದ್ದವನು, ಆ ಬೈಗುಳ ಇನ್ನೂ ನಡೆದಿರುವಾಗಲೇ ಎದ್ದು ಬೂತಿನ ಹಿಂದಕ್ಕೆ ಓಡಿದೆ.